ಸೋಮವಾರ, ಶುಕ್ರವಾರ ಮಾತ್ರ

ಅವರ ಎಡಗಣ್ಣಿನ ಮೇಲೆ ಹುಬ್ಬು ಇರಲಿಲ್ಲ. ಬಲಗಡೆಯದು ಮಾತ್ರ, ರಜೆ ಹಾಕಿದ ಸಹೋದ್ಯೋಗಿಯ ಕೆಲಸವನ್ನೂ ತಾನೇ ಹೊತ್ತ ಹಿರಿಯ ಗುಮಾಸ್ತನ ಹಾಗೆ, ದಪ್ಪಗೆ, ಬೆಳ್ಳಗೆ, ಸದಾ ಎದ್ದು ನಿಂತಿರುತ್ತಿತ್ತು. ಇದರಿಂದಾಗಿ ಅವರ ಮುಖದ ಒಂದು ಪಾರ್ಶ್ವ ಜಗತ್ತನ್ನು ಅನುಮಾನಿಸುತ್ತಲೂ ಇನ್ನೊಂದು ಅದನ್ನು ಕ್ಷಮಿಸುತ್ತಲೂ ಇದ್ದಂತೆ ಕಾಣುತ್ತಿತ್ತು. ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಇದ್ದವರು ಎಂದು ತಿಳಿದ ಹೊಸಬರು, ಆ ಹುಬ್ಬನ್ನು ಕುಲುಮೆಯ ಬೆಂಕಿಯೇ ತಿಂದಿರಬೇಕೆಂದು ತಾವೇ ಊಹಿಸಿ ಭಕ್ತಿಯಿಂದ ನೋಡುತ್ತಿದ್ದರು. ಅವರು ಕೂಡಲೇ ತಿದ್ದುತ್ತಿದ್ದರು: "ಕಾರ್ಖಾನೆ ಅಲ್ಲ ರೀ. ಹತ್ತನೇ ವಯಸ್ಸಲ್ಲಿ ದೀಪಾವಳಿ ಹೂಕುಂಡ ಯಾಕೆ ಹತ್ತಲಿಲ್ಲ ಅಂತ ಬಗ್ಗಿ ನೋಡ್ದೆ. ಹತ್ತಿತು."

ಗೌರವ ತಂದುಕೊಡುವ ಸುಳ್ಳನ್ನೂ ಇಟ್ಟುಕೊಳ್ಳದ ಮನುಷ್ಯ. ಅಂಥವರೊಂದಿಗೆ ಜಾಹೀರಾತಿನ ವ್ಯಾಪಾರ ಮಾಡುವ ಸೌಭಾಗ್ಯ ನನಗೆ ಒದಗಿ ಬಂತು.

ಊರಿನವರು ಅವರನ್ನು 'ಬೋರ್ಡ್ ಸಾರ್' ಎನ್ನುತ್ತಿದ್ದರು. ನಾನೂ ಹಾಗೆಯೇ ಕರೆದೆ, ಕೊನೆಯವರೆಗೂ. ಕಾರ್ಖಾನೆಯ ಸುರಕ್ಷತಾ ವಿಭಾಗದಲ್ಲಿ ಎಚ್ಚರಿಕೆಯ ಫಲಕಗಳನ್ನು ಬರೆಯುವುದು ಅವರ ಕೆಲಸ. ಅವರು ಸೇರುವ ಮೊದಲು ಅಲ್ಲಿನ ಗೋಡೆಗಳ ಮೇಲೆ 'ಕಾರ್ಮಿಕರು ಸುರಕ್ಷತಾ ನಿಯಮಗಳನ್ನು ಕಟ್ಟುನಿಟ್ಟಾಗಿ ಪಾಲಿಸತಕ್ಕದ್ದು' ಎಂಬಂಥ ಶಾಸನಗಳಿದ್ದವಂತೆ. ಅವನ್ನು ಓದಿ ಮುಗಿಸುವುದರೊಳಗೆ ಅಪಘಾತವೇ ಆಗಿಹೋಗುವಷ್ಟು ಉದ್ದ. ಇವರು ಅವನ್ನು ಅಳಿಸಿ ಬರೆದರು: 'ಕೈ ಒಳಗೆ ಹಾಕಬೇಡಿ. ಕೈ ಯಾರದೆಂದು ಯಂತ್ರ ಕೇಳುವುದಿಲ್ಲ.' ಇನ್ನೊಂದು: 'ಮೇಲೆ ನೋಡಿ. ಕ್ರೇನು ನಿಮ್ಮನ್ನು ನೋಡುತ್ತಿಲ್ಲ.' ತಮಿಳಿನವರು, ತೆಲುಗಿನವರು, ಕನ್ನಡದಲ್ಲಿ ಅಕ್ಷರ ಕೂಡಿಸಿ ಓದುವಷ್ಟೇ ಬಲ್ಲವರು, ಎಲ್ಲರಿಗೂ ಅರ್ಥವಾಗುವ ವಾಕ್ಯ. ನಿವೃತ್ತರಾದ ಮೇಲೂ ಭದ್ರಾವತಿಯ ಜನ್ನಾಪುರದ ಅವರ ಮನೆಯ ಮುಂದೆ ಹಾದುಹೋಗುವ ಹಳೆಯ ಕೆಲಸಗಾರರು ಸೈಕಲ್ ಇಳಿದು ಹೋಗುತ್ತಿದ್ದರು. ಕೈಗಳಲ್ಲಿ ಹತ್ತೂ ಬೆರಳಿರುವುದು ಯಾರಿಂದ ಎಂಬುದು ಅವರಿಗೆ ಗೊತ್ತಿತ್ತು.

"ಬೋರ್ಡ್ ಓದಿದವನು ಸಂಜೆ ಮನೆಗೆ ಹೋಗ್ಬೇಕು ಮಾರಾಯ. ಅಷ್ಟೇ ಸಾಹಿತ್ಯ," ಎನ್ನುವುದು ಅವರ ಕಾವ್ಯಮೀಮಾಂಸೆ. ಇಷ್ಟು ಚಿಕ್ಕ ಕಾವ್ಯಮೀಮಾಂಸೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ನನ್ನದು ಶಿವಮೊಗ್ಗದ ದುರ್ಗಿಗುಡಿಯಲ್ಲಿ ಒಂದು ಜಾಹೀರಾತು ಏಜೆನ್ಸಿ. ಏಜೆನ್ಸಿ ಎಂದರೆ ಒಂದು ಕೋಣೆ, ಒಂದು ಮೇಜು, ನನ್ನ ಕಿಂಚಿತ್ ಪ್ರತಿಷ್ಠೆ. ಬಟ್ಟೆ ಅಂಗಡಿಯ ಆಷಾಢದ ರಿಯಾಯಿತಿ, ಟ್ಯೂಷನ್ ಕ್ಲಾಸಿನವರ ಆಶ್ವಾಸನೆ, ಹೊಸ ಬಡಾವಣೆಯ ನಿವೇಶನ, ಇವನ್ನು ಪತ್ರಿಕೆಗಳಿಗೆ ಮುಟ್ಟಿಸಿಕೊಂಡು ಲೋಕಕಲ್ಯಾಣ ಮಾಡುತ್ತಿದ್ದೆ. ಶಿವಮೊಗ್ಗದ ಪಕ್ಕದ ಸೋಗಾನೆಯಲ್ಲಿ ವಿಮಾನ ಇಳಿಯಲು ಶುರುವಾದ ಮೇಲೆ, ಒಂದು ವಿಮಾನ ಕಂಪನಿಯ ಪರವಾಗಿ ಬೆಂಗಳೂರಿನ ದೊಡ್ಡ ಜಾಹೀರಾತು ಕಚೇರಿಯಿಂದ ನನಗೆ ಫೋನ್ ಬಂತು. ಕುರ್ಚಿಯಿಂದ ಎದ್ದು ನಿಂತೇ ಮಾತಾಡಿದೆ.

ಆ ಕಡೆ ಒಬ್ಬ ಚುರುಕಾದ ಹುಡುಗಿ. "ಸರ್, ಟ್ರಾವೆಲರ್ಸನ್ನ ನಾವು ನಾಲ್ಕು ಸೆಗ್ಮೆಂಟ್ ಮಾಡಿದೀವಿ. ಬಿಸಿನೆಸ್, ಯೂತ್, ಫ್ಯಾಮಿಲಿ, ಸೀನಿಯರ್ಸ್. ಒಬ್ಬೊಬ್ಬರಿಗೆ ಒಂದೊಂದು ಆ್ಯಡ್. ಡಿಸೈನ್ ರೆಡಿ ಇದೆ, ಕನ್ನಡ ಮಾತ್ರ ನಿಮ್ಮ ಕಡೇದು ಇರ್ಬೇಕು. ಲೋಕಲ್ ಫ್ಲೇವರ್."

ಲೋಕಲ್ ಫ್ಲೇವರ್ ಎಂದ ಕೂಡಲೇ ನನಗೆ ಬೋರ್ಡ್ ಸಾರ್ ನೆನಪಾದರು. ಮರುದಿನವೇ ಶಟಲ್ ಬಸ್ಸು ಹತ್ತಿ ಜನ್ನಾಪುರಕ್ಕೆ ಹೋದೆ. ನಾಲ್ಕು ಚಿತ್ರಗಳನ್ನೂ ಅವರ ಮುಂದಿಟ್ಟೆ. ಅವರು ಅವನ್ನು ಕೈಗೆ ತೆಗೆದುಕೊಳ್ಳಲಿಲ್ಲ. ಕಾಂಪೌಂಡಿನ ಗೋಡೆಗೆ ಸಾಲಾಗಿ ಒರಗಿಸಿ, ಹತ್ತು ಹೆಜ್ಜೆ ಎಣಿಸಿಕೊಂಡು ಹಿಂದಕ್ಕೆ ಹೋಗಿ, ರಸ್ತೆಯಲ್ಲಿ ನಿಂತು, ಹುಬ್ಬಿಲ್ಲದ ಕಣ್ಣನ್ನು ಮುಚ್ಚಿ ನೋಡಿದರು. ಒಂದು ಆಟೋ ಅವರನ್ನು ಬಳಸಿಕೊಂಡು ಹೋಯಿತು. ಆಟೋದವನು ಬೈಯಲಿಲ್ಲ. ಆ ಬೀದಿಯಲ್ಲಿ ಅದು ಅಭ್ಯಾಸವಾಗಿತ್ತು.

"ಪ್ರಯಾಣಿಕರು ನಾಲ್ಕು ಜಾತಿ ಅನ್ನೋದೇನೋ ಸರಿ," ಎಂದರು ಮರಳಿ ಬಂದು. "ಆದ್ರೆ ಜಾತಿ ಹೆಸ್ರು ತಪ್ಪು. ಆತುರದವರು, ಆಸೆಯವರು, ತೋರಿಸ್ಕೊಳ್ಳೋರು, ಹೋಗ್ಲೇಬೇಕಾದವರು. ಮೊದಲ ಮೂರು ಜನಕ್ಕೆ ಜಾಹೀರಾತು ಬರಿ. ನಾಲ್ಕನೆಯವರಿಗೆ ಜಾಹೀರಾತು ಬೇಡ ಮಾರಾಯ, ಮಾಹಿತಿ ಬೇಕು."

ಇದನ್ನು ಬೆಂಗಳೂರಿನ ಹುಡುಗಿಗೆ ಹೇಳುವ ಧೈರ್ಯ ನನಗಾಗಲಿಲ್ಲ.

ಅವರ ಕೆಲಸದ ಕ್ರಮ ವಿಚಿತ್ರವಾಗಿತ್ತು. ಯಾರನ್ನು ಕುರಿತು ಬರೆದ ವಾಕ್ಯವೋ ಅವರ ಮುಂದೆಯೇ ಓದಿ ಹೇಳಬೇಕು. ಅವರ ಮುಖ ನೋಡಬೇಕು. ಆಮೇಲಷ್ಟೇ ಒಪ್ಪಿಗೆ. ಬಿಸಿನೆಸ್ಸಿನ ಚಿತ್ರದಲ್ಲಿ ಕೋಟು ಧರಿಸಿದ ಒಬ್ಬ ತೆಳ್ಳನೆಯ ಮಹಾಶಯ ಲ್ಯಾಪ್‌ಟಾಪಿನ ಕಡೆ ನೋಡಿ ಮುಗುಳ್ನಗುತ್ತಿದ್ದ. ಅದನ್ನು ಹಿಡಿದುಕೊಂಡು ನಾವಿಬ್ಬರೂ ಶಿವಮೊಗ್ಗದ ಅಡಿಕೆ ಮಂಡಿಗೆ ಹೋದೆವು. ಚೀಲಗಳ ಮೇಲೆ ಕೂತಿದ್ದ ಒಬ್ಬ ವ್ಯಾಪಾರಿ ಬಹಳ ಹೊತ್ತು ಚಿತ್ರ ನೋಡಿದ.

"ಸಾರ್, ಈ ಕೋಟು ಹಾಕ್ಕೊಂಡು ಯಾರಾದ್ರೂ ಮಂಡಿಗೆ ಬಂದ್ರೆ ಇನ್‌ಕಮ್ ಟ್ಯಾಕ್ಸ್‌ನವ್ರು ಅಂತ ಶಟರ್ ಎಳೀತೀವಿ ನಾವು. ಇವನು ನಮ್ಮವನಲ್ಲ."

"ನಿಮ್ಮವನು ಹೆಂಗಿರ್ತಾನೆ?"

"ಬಿಳೀ ಶರ್ಟು. ಜೇಬಲ್ಲಿ ಎರಡು ಫೋನು. ಎರಡರಲ್ಲೂ ಬೈತಿರ್ತಾನೆ."

ಬೋರ್ಡ್ ಸಾರ್ ಅಲ್ಲೇ ಗೋಣಿಚೀಲದ ಮೇಲೆ ಕೂತು ಬರೆದರು: 'ಬಸ್ಸಿನಲ್ಲಿ ಕೂತು ಬೆನ್ನು ಹಿಡಿದರೆ ವ್ಯಾಪಾರ ಹಿಡಿಯುವವರು ಯಾರು?' ವ್ಯಾಪಾರಿ ತನ್ನ ಸೊಂಟ ಮುಟ್ಟಿಕೊಂಡ. ವಾಕ್ಯ ಪಾಸಾಯಿತು.

ವಿದ್ಯಾರ್ಥಿಗಳ ಜಾಹೀರಾತಿಗೆ ಶಂಕರಘಟ್ಟದ ಬಸ್ಸು ಹತ್ತಿ ವಿಶ್ವವಿದ್ಯಾನಿಲಯಕ್ಕೆ ಹೋದರು, ಒಬ್ಬರೇ. ಚಿತ್ರದಲ್ಲಿ ಐದು ಜನ ಹುಡುಗ ಹುಡುಗಿಯರು ಸಮುದ್ರತೀರದಲ್ಲಿ ಒಟ್ಟಿಗೆ ಗಾಳಿಗೆ ಹಾರಿದ್ದರು. ಒಬ್ಬರ ಕಾಲೂ ನೆಲದ ಮೇಲಿರಲಿಲ್ಲ. ಬಸ್ ಸ್ಟಾಪಿನಲ್ಲಿದ್ದ ಹುಡುಗಿಯೊಬ್ಬಳು ಅದನ್ನು ನೋಡಿ, "ಅಂಕಲ್, ಇವರಿಗೆ ವೈವಾ ಪರೀಕ್ಷೆ ಇಲ್ವಾ?" ಎಂದಳಂತೆ. ಆಮೇಲೆ ನಿಜವಾದ ಪ್ರಶ್ನೆ ಕೇಳಿದಳು: "ಲಗೇಜು ಎಷ್ಟು ಕೆಜಿ ಬಿಡ್ತಾರೆ? ಅಮ್ಮ ಹಲಸಿನ ಹಪ್ಪಳ ಕಳಿಸಿದ್ರೆ ತಗೊಂಡು ಹೋಗ್ಬಹುದಾ?" ಲಗೇಜಿನ ತೂಕ ಆ ಜಾಹೀರಾತಿನ ತಲೆಬರಹವಾಯಿತು. ಬೆಂಗಳೂರಿನವರು ಮೂಗು ಮುರಿದರೂ ಒಪ್ಪಿದರು. ಕುಟುಂಬದ ಚಿತ್ರದಲ್ಲಿ ಮಗುವೊಂದು ವಿಮಾನದ ಕಿಟಕಿಗೆ ಮೂಗು ಒತ್ತಿ ಕೂತಿತ್ತು, ಗಾಜಿನ ಮೇಲೆ ಉಸಿರಿನ ಮಂಜು. "ಇದು ನಿಜ. ಇದರ ಮೇಲೆ ಏನೂ ಬರೀಬೇಡ," ಎಂದರು. ಏನೂ ಬರೆಯಲಿಲ್ಲ.

ಉಳಿದದ್ದು ನಾಲ್ಕನೆಯದು, ಹಿರಿಯರದು. ಬೆಳ್ಳಿಕೂದಲಿನ ಗಂಡಹೆಂಡಿರು ಕಿತ್ತಳೆ ರಸ ಕುಡಿಯುತ್ತ ಪರಸ್ಪರ ನೋಡಿ ನಗುತ್ತಿದ್ದರು. ನಮ್ಮ ಕಡೆ ಆ ವಯಸ್ಸಿನ ಗಂಡಹೆಂಡಿರು ಪರಸ್ಪರ ನೋಡುವುದೇ ಮಾತ್ರೆ ತೆಗೆದುಕೊಂಡೆಯಾ ಎಂದು ಕೇಳುವುದಕ್ಕೆ. ಮದ್ರಾಸಿನ ಆಸ್ಪತ್ರೆಗಳಿಗೆ ಹೋಗುವವರು ಭದ್ರಾವತಿಯಲ್ಲಿ ಬಹಳ. ಅಲ್ಲಿಗೆ ನೆಂಟಸ್ತನವೂ ಉಂಟು, ತಮಿಳು ಭಾಷೆಯ ಬಳಕೆಯೂ ಉಂಟು. ಆ ಕಂಪನಿಯ ವಿಮಾನ ಬೆಳಗ್ಗೆ ದಿನವೂ ಮದ್ರಾಸಿಗೆ ಹೋಗುತ್ತಿತ್ತು. ಆದರೆ ಸಂಜೆ ಅಲ್ಲಿಂದ ಮರಳುವ ವಿಮಾನ ವಾರಕ್ಕೆ ಎರಡೇ ದಿನ.

ಬೋರ್ಡ್ ಸಾರ್ ಬರೆದದ್ದು ಹೀಗೆ: 'ಬೆಳಗ್ಗೆ ಡಾಕ್ಟರು. ಸಂಜೆ ಮನೆ ಊಟ. ಸೋಮವಾರ, ಶುಕ್ರವಾರ ಮಾತ್ರ. ಬೇರೆ ದಿನ ಹೋದರೆ ಅಲ್ಲೇ ಉಳಿಯಬೇಕು.' ನಾಲ್ಕೂ ವಾಕ್ಯ ಒಂದೇ ಗಾತ್ರದ ಅಕ್ಷರ. "ಇದನ್ನ ಹಿಂಗೇ ಹಾಕ್ತೀಯ ತಾನೇ?" ಎಂದು ಕೇಳಿದರು.

"ಹಿಂಗೇ ಸಾರ್," ಎಂದೆ.

ಮಾರನೆಯ ದಿನ ಮಧ್ಯಾಹ್ನ ಹುಡುಗಿಯ ಫೋನು. "ಸರ್, ಮೊದಲೆರಡು ಲೈನ್ ಸೂಪರ್! ಕಡೇದೆರಡು ತುಂಬಾ ನೆಗೆಟಿವ್. ಒಂದು ಸ್ಟಾರ್ ಹಾಕಿ ಕೆಳಗೆ ಸಣ್ಣದಾಗಿ ಕೊಡೋಣ. ನಾಲ್ಕು ಗಂಟೆಗೆ ಫೈನಲ್ ಕಳಿಸ್ಬೇಕು. ನೆಕ್ಸ್ಟ್ ಸೀಸನ್ನೂ ನಿಮ್ಗೇ ಕೊಡ್ಬೇಕು ಅಂತ ಇದ್ದಾರೆ ಮೇಲಿನವರು."

ಆ ಹೊತ್ತಿಗೆ ನನ್ನ ಕೋಣೆಗೆ ಬರುವವರು ಕಡಿಮೆಯಾಗಿದ್ದರು. ಬಟ್ಟೆ ಅಂಗಡಿಯವರು ಫೋನಿನಲ್ಲೇ ಜಾಹೀರಾತು ಹಾಕಿಕೊಳ್ಳುತ್ತಿದ್ದರು. ವಿಮಾನ ಕಂಪನಿಯೂ ಹೋದರೆ ಬೀಗ ಹಾಕುವುದಷ್ಟೇ ಬಾಕಿ. ಇಷ್ಟೆಲ್ಲ ಹೇಳಿದರೂ ಸತ್ಯ ಇಷ್ಟೇ: ಮೂರೂಮುಕ್ಕಾಲಿಗೆ ನಾನು "ಆಯ್ತಮ್ಮ" ಎಂದೆ. 'ಸಂಜೆ ಮನೆ ಊಟ'ದ ಪಕ್ಕ ಒಂದು ಪುಟ್ಟ ನಕ್ಷತ್ರ ಹುಟ್ಟಿತು. ಪುಟದ ಬುಡದಲ್ಲಿ ಇರುವೆಗಳು ಓದಲೆಂದು 'ಮರುಪ್ರಯಾಣ ಆಯ್ದ ದಿನಗಳಲ್ಲಿ ಮಾತ್ರ' ಎಂದು ಮುದ್ರಿತವಾಯಿತು. ಪತ್ರಿಕೆಯಲ್ಲಿ ಅರ್ಧ ಪುಟ, ಭದ್ರಾವತಿ ಬಸ್ ನಿಲ್ದಾಣದ ಎದುರು ದೊಡ್ಡ ಫ್ಲೆಕ್ಸು.

ಬೆಳಗ್ಗೆ ಆರೂವರೆಗೆ ಬೋರ್ಡ್ ಸಾರ್ ಫೋನು. "ನಕ್ಷತ್ರ ಬಂದಿದೆಯಲ್ಲ."

"ಬೆಂಗಳೂರಲ್ಲಿ ಬದಲಾಯಿಸಿಬಿಟ್ರು ಸಾರ್. ನನಗೂ ಈಗ ನೋಡಿದ ಮೇಲೇ ಗೊತ್ತು."

ಅವರು "ಹಾಂ," ಎಂದು ಫೋನ್ ಇಟ್ಟರು. ಆ 'ಹಾಂ' ನನ್ನನ್ನು ಹದಿನೈದು ದಿನ ಹಿಂಬಾಲಿಸಿತು. ಹದಿನಾರನೆಯ ದಿನ ಅವರೇ ಮತ್ತೆ ಕರೆದರು: "ಇವತ್ತು ಮಧ್ಯಾಹ್ನದೊಳಗೆ ಬಾ. ಮನೆಗೆ ಜನ ಬಂದಿದಾರೆ."

ಹೋಗಿ ನೋಡಿದರೆ ಅವರ ಜಗಲಿಯಲ್ಲಿ ಅವರದೇ ಕಾರ್ಖಾನೆಯ ನಿವೃತ್ತ ಕ್ರೇನ್ ಆಪರೇಟರ್ ಒಬ್ಬರು ಮತ್ತು ಅವರ ಹೆಂಡತಿ ಕೂತಿದ್ದರು. ಆಕೆಯ ಬಲಗಣ್ಣು ಕೆಂಡದ ಹಾಗಿತ್ತು. ಸೆರಗಿನ ತುದಿಯನ್ನು ಉಂಡೆ ಮಾಡಿ ಅದಕ್ಕೆ ಒತ್ತಿಕೊಂಡಿದ್ದರು.

ಆಪರೇಟರ್ ನಡೆದದ್ದನ್ನು ಹೇಳಿದರು. ಹೆಂಡತಿಯ ಕಣ್ಣಿಗೆ ಮದ್ರಾಸಿನಲ್ಲಿ ಇಂಜೆಕ್ಷನ್ ಕೊಡಿಸಬೇಕಿತ್ತು. ಪೇಪರಿನಲ್ಲಿ ನೋಡಿ ಬುಧವಾರ ವಿಮಾನ ಹತ್ತಿದರು. ಹೋಗುವ ಟಿಕೆಟ್ಟಷ್ಟೇ ತೆಗೆದುಕೊಂಡಿದ್ದರು. "ಡಾಕ್ಟ್ರು ಎಷ್ಟೊತ್ತಿಗೆ ಬಿಡ್ತಾರೋ ಯಾರಿಗೆ ಗೊತ್ತು ಸಾರ್? ಅವರು ನೋಡೋ ಮುಂಚೆನೇ ವಾಪಸ್ ಟಿಕೆಟ್ ತಗೊಂಡು ಕೂತ್ರೆ ಚೆನ್ನಾಗಿರುತ್ತಾ? ಬಸ್ಸಿನ ಹಂಗೆ, ಮುಗಿದ ಮೇಲೆ ತಗೊಳ್ಳೋಣ ಅಂದ್ಕೊಂಡ್ವಿ. ಸಂಜೆ ಊಟಕ್ಕೆ ಮನೆ ಅಂತ ಬರ್ದಿತ್ತಲ್ಲ."

ಸಂಜೆ ವಿಮಾನ ನಿಲ್ದಾಣಕ್ಕೆ ಹೋದರೆ, ಇವತ್ತು ಇಲ್ಲ, ಶುಕ್ರವಾರ ಬನ್ನಿ ಎಂದರು. ಕಣ್ಣಿಗೆ ಪಟ್ಟಿ ಕಟ್ಟಿದ ಹೆಂಡತಿಯನ್ನು ಕೈ ಹಿಡಿದುಕೊಂಡು ರೈಲು ನಿಲ್ದಾಣಕ್ಕೆ ಹೋಗಿ, ರಿಸರ್ವೇಶನ್ ಇಲ್ಲದ ಡಬ್ಬಿಯಲ್ಲಿ ಬಾಗಿಲ ಪಕ್ಕ ಕೂತು ಬಂದರು. ಧೂಳಿಗೆ ಹೋಗಬೇಡಿ ಎಂದು ಡಾಕ್ಟರು ಹೇಳಿ ಕಳಿಸಿದ ಕಣ್ಣು. ಇಲ್ಲಿಯ ಡಾಕ್ಟರು ನೋಡಿ, ಸೋಂಕು ತಗುಲಿದೆ, ದೃಷ್ಟಿ ಉಳಿಯುತ್ತದೋ ಇಲ್ಲವೋ ವಾರ ಕಳೆದ ಮೇಲೆ ಹೇಳುತ್ತೇನೆ ಎಂದಿದ್ದರು. ಅಂದಿಗೆ ನಾಲ್ಕನೇ ದಿನ.

"ರಾತ್ರಿಗೆ ದೋಸೆ ಮಾಡಣ ಅಂತ ಹಿಟ್ಟು ರುಬ್ಬಿಟ್ಟು ಹೋಗಿದ್ದೆ," ಎಂದರು ಆಕೆ. "ಬಂದು ನೋಡಿದ್ರೆ ಉಕ್ಕಿ ಅಡುಗೆಮನೆ ಹೊಸ್ತಿಲು ದಾಟಿತ್ತು. ನಾವು ಊಟಕ್ಕೆ ಬರದೇ ಇದ್ರೂ ಅದು ಬಂದಿತ್ತು."

ಯಾರೂ ನಗಲಿಲ್ಲ. ಆಪರೇಟರ್ ಬೋರ್ಡ್ ಸಾರ್ ಕಡೆ ತಿರುಗಿದರು. ದೂರುವ ದನಿಯಾಗಿದ್ದರೆ ಕೇಳಿಸಿಕೊಳ್ಳಬಹುದಿತ್ತು. "ನಮಗೆ ನೋಡಿದ ತಕ್ಷಣ ಗೊತ್ತಾಯ್ತು ಸಾರ್, ಇದು ನೀವು ಬರ್ದಿದ್ದು ಅಂತ. ನಿಮ್ಮ ಮಾತು ಹಂಗೇ ಇರುತ್ತಲ್ಲ. ಮೂವತ್ತು ವರ್ಷ ನಿಮ್ಮ ಬೋರ್ಡ್ ನೋಡ್ಕೊಂಡೇ ಕ್ರೇನ್ ಓಡ್ಸಿದೀನಿ. ಅದಕ್ಕೇ ಕೆಳಗೆ ಏನಿದೆ ಅಂತ ನೋಡ್ಲಿಲ್ಲ."

ನನ್ನ ಮುಂದೆ ಒಂದು ತಟ್ಟೆಯಲ್ಲಿ ಖಾರ ಮಿಕ್ಸ್ಚರ್ ಇತ್ತು. ಅದರಲ್ಲಿನ ಕಡ್ಲೆಬೀಜಗಳನ್ನು ಒಂದೊಂದಾಗಿ ನೋಡುತ್ತ, ಈಗ ನನ್ನ ಹೆಸರು ಬರುತ್ತದೆ ಎಂದು ಕಾದೆ. ಬರಲಿಲ್ಲ.

"ತಪ್ಪು ನಂದು," ಎಂದರು ಬೋರ್ಡ್ ಸಾರ್. "ಬರ್ದು ಕೊಟ್ಟು ಮನೇಲಿ ಕೂತೆ. ಅಚ್ಚಾಗೋವರೆಗೂ ನಿಂತು ನೋಡ್ಬೇಕಿತ್ತು. ಕಾರ್ಖಾನೇಲಿ ಹಂಗೇ ಮಾಡ್ತಿದ್ದೆ. ಇಲ್ಲಿ ಮಾಡ್ಲಿಲ್ಲ."

ಆ ದಂಪತಿಯನ್ನು ಗೇಟಿನವರೆಗೆ ಬಿಟ್ಟು ಬಂದ ಮೇಲೆ ನಾನು ಬಾಯಿ ಬಿಟ್ಟೆ. "ಸಾರ್, ಅದು ಬೆಂಗಳೂರಿನವರು..."

"ಗೊತ್ತು," ಎಂದರು. "ನೀನು ಸುಳ್ಳು ಹೇಳಿದ ದಿನವೇ ಗೊತ್ತಾಯ್ತು. ಬೆಂಗಳೂರಿನವರು ಕೈ ಹಾಕಿದ್ರೆ 'ಮನೆ ಊಟ'ನ ಸುಮ್ನೆ ಬಿಡ್ತಿದ್ರಾ? 'ಸ್ವಗೃಹ ಭೋಜನ' ಅಂತ ಮಾಡಿರೋರು. ನಕ್ಷತ್ರ ಒಂದೇ ಬಂತು ಅಂದ್ರೆ ಇಲ್ಲೇ ಯಾರೋ ಒಪ್ಪಿದ್ದಾರೆ ಅಂತ."

"ಅವರ ಮುಂದೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಅವರ ಕಣ್ಣು ವಾಸಿಯಾಗುತ್ತಾ?" ಒಂಟಿ ಹುಬ್ಬು ಮೇಲೇರಿತು. ನಾನು ಕ್ಷಮೆ ಕೇಳಲು ಸೂಕ್ತವಾದ ಮುಖಭಾವ ಸಿದ್ಧಪಡಿಸಿಕೊಳ್ಳುತ್ತಿದ್ದೆ. ಅವರು ಅದನ್ನು ನೋಡುವ ಗೋಜಿಗೆ ಹೋಗಲಿಲ್ಲ. ಒಳಗೆ ಹೋಗಿ, ಕೆಂಪು ಎನಾಮಲ್ ಬಣ್ಣದ ಡಬ್ಬ, ಎರಡು ಬ್ರಷ್ಷು, ಕಾರ್ಖಾನೆಯ ಕಾಲದ ಎರಡು ಹಳದಿ ಹೆಲ್ಮೆಟ್ಟು ತಂದರು. "ಏಳು. ಏನಾದ್ರೂ ಆದ್ರೆ ಶಿಫ್ಟ್ ಬದಲಾಗೋದ್ರೊಳಗೆ ಬೋರ್ಡ್ ಬದಲಾಗ್ಬೇಕು. ಅದು ನಿಯಮ. ಈಗಾಗ್ಲೇ ಎಷ್ಟೋ ಶಿಫ್ಟ್ ತಡವಾಗಿದೆ."

ಫ್ಲೆಕ್ಸಿನ ಚೌಕಟ್ಟು ನನ್ನ ಏಜೆನ್ಸಿ ಬಾಡಿಗೆಗೆ ಹಿಡಿದದ್ದು. ಹತ್ತುವ ಹಕ್ಕು ನನಗಿತ್ತು. ಆದರೆ ಹತ್ತಿದವರು ಅವರು, ಎಪ್ಪತ್ತರ ಮೇಲೆ ನಾಲ್ಕು. ಸೊಂಟಕ್ಕೆ ಹಗ್ಗ ಬಿಗಿದು ಚೌಕಟ್ಟಿಗೆ ಕಟ್ಟಿಕೊಂಡರು. ನಾನು ಏಣಿ ಹಿಡಿದೆ. ನೆಲದ ಮೇಲೆ ನಿಂತವನಿಗೂ ಹೆಲ್ಮೆಟ್ಟು ಕಡ್ಡಾಯವೆಂದು ಆಜ್ಞೆಯಾಗಿದ್ದರಿಂದ, ದುರ್ಗಿಗುಡಿಯ ಗಣ್ಯ ಜಾಹೀರಾತು ಏಜೆಂಟರು ಭದ್ರಾವತಿ ಬಸ್ ನಿಲ್ದಾಣದ ಎದುರು ಹಳದಿ ಟೋಪಿ ಧರಿಸಿ ಸಾರ್ವಜನಿಕರಿಗೆ ದರ್ಶನ ಕೊಟ್ಟರು.

"ಏನ್ ಬೋರ್ಡ್ ಸಾರ್, ರಿಟೈರ್ ಆದ್ಮೇಲೂ ಓವರ್‌ಟೈಮಾ?" ಎಂದು ಕೂಗಿದ ಒಬ್ಬ ಆಟೋದವನು.

"ಕೆಳಗೆ ನಿಲ್ಬೇಡ ಮಾರಾಯ. ಡಬ್ಬ ಬಿದ್ರೆ ನಿನ್ನ ತಲೆಗೆ ಬಣ್ಣ, ನನ್ನ ಅಕ್ಷರಕ್ಕೆ ಬಣ್ಣ ಇಲ್ಲ."

ಜನ ಸೇರಿದರು. ಅವರು ಕಿತ್ತಳೆ ರಸದ ದಂಪತಿಗಳ ಎದೆಯ ಮೇಲೆ ಅಡ್ಡಲಾಗಿ, ಮೇಲಿನ ವಾಕ್ಯದಷ್ಟೇ ದೊಡ್ಡದಾಗಿ ಬರೆದರು: ಸೋಮವಾರ, ಶುಕ್ರವಾರ ಮಾತ್ರ. ಮುಂದಿನ ಸಾಲು: ಬೇರೆ ದಿನ ಹೋದರೆ ಅಲ್ಲೇ ಉಳಿಯಬೇಕು. ಇಳಿದು, ಹತ್ತು ಹೆಜ್ಜೆ ಹಿಂದೆ ಹೋಗಿ ನೋಡಿ, 'ಉಳಿಯಬೇಕು' ತುಸು ಓರೆಯಾಗಿದೆ ಎಂದು ಮತ್ತೆ ಹತ್ತಿದರು.

"ಪೇಪರಲ್ಲಿ?" ಎಂದು ಕೇಳಿದರು ಇಳಿದ ಮೇಲೆ.

"ನಾಳೆ ಹಾಕಿಸ್ತೀನಿ ಸಾರ್. ನನ್ನ ಹೆಸರಲ್ಲಿ."

"ಅದೇ ಅಳತೆ."

"ಅದೇ ಅಳತೆ."

ಎರಡು ದಿನಕ್ಕೆ ಹುಡುಗಿಯ ಫೋನು ಬಂತು. ಯಾರೋ ಫ್ಲೆಕ್ಸಿನ ಫೋಟೋ ತೆಗೆದು ಕಳಿಸಿದ್ದರು. "ಸರ್, ನಿಮ್ಮ ಹೋರ್ಡಿಂಗನ್ನ ಯಾರೋ ಡ್ಯಾಮೇಜ್ ಮಾಡಿದಾರೆ. ಪೊಲೀಸ್ ಕಂಪ್ಲೇಂಟ್ ಕೊಡಿ, ನಾವು ಹೊಸದು ಕಳಿಸ್ತೀವಿ." ಪಾಪ, ಆಕೆ ನನಗೆ ಇನ್ನೊಂದು ಸುಳ್ಳನ್ನು ತಟ್ಟೆಯಲ್ಲಿಟ್ಟು ಕೊಡುತ್ತಿದ್ದಳು. ತೆಗೆದುಕೊಂಡಿದ್ದರೆ ಕಂಪನಿ, ಸೀಸನ್ನು ಎರಡೂ ಉಳಿಯುತ್ತಿದ್ದವು.

"ಡ್ಯಾಮೇಜ್ ಅಲ್ಲಮ್ಮ," ಎಂದೆ. "ನಾನೇ ಬರೆಸಿದ್ದು. ಪೇಪರಿನಲ್ಲೂ ಹಾಕಿಸಿದೀನಿ. ತೆಗೆಸಲ್ಲ." ಕಣ್ಣಿನ ವಿಷಯ ಹೇಳಿದೆ. "ಸರ್, ಇದನ್ನ ನಾನು ಮೇಲೆ ಹೇಳ್ತೀನಿ. ಆದ್ರೆ ಅವರು ಒಪ್ಪಲ್ಲ," ಎಂದಳು. ಹೇಳಿದಳೆಂದು ನಂಬಿದ್ದೇನೆ. ಒಪ್ಪಲಿಲ್ಲವೆಂಬುದು ಖಂಡಿತ. ಆ ಸೀಸನ್ನಿಗೇ ನನಗೂ ಆ ಕಂಪನಿಗೂ ಇದ್ದ ಋಣ ಹರಿಯಿತು. ಜಾಹೀರಾತೆಲ್ಲ ಫೋನುಗಳಿಗೆ ಹೋಯಿತು. ಈಗ ವ್ಯಾಪಾರಿಯ ಫೋನಿಗೆ ಬೆನ್ನುನೋವಿನ ಮಾತು, ವಿದ್ಯಾರ್ಥಿಯ ಫೋನಿಗೆ ಕಡಲಿನ ಮಾತು, ರೋಗಿಯ ಫೋನಿಗೆ ಆಸ್ಪತ್ರೆಯ ಮಾತು ತಾನಾಗಿಯೇ ಬರುತ್ತದಂತೆ.

ಬೋರ್ಡ್ ಸಾರ್‌ಗೆ ಇದು ಬಗೆಹರಿಯಲೇ ಇಲ್ಲ. "ಗೋಡೆ ಮೇಲೆ ಬರ್ದಿದ್ದು ಎಲ್ಲರ ಎದುರಿಗೂ ಒಂದೇ ಮಾತು. ತಪ್ಪಿದ್ರೆ ಯಾರಾದ್ರೂ ಕೂಗಿ ಹೇಳ್ತಾರೆ. ಕಿವೀಲಿ ಹೇಳಿದ್ದನ್ನ ತಿದ್ದೋರು ಯಾರು?" ಎಂದು ಕೇಳುತ್ತಿದ್ದರು.

ಆಪರೇಟರ್ ಹೆಂಡತಿಯ ಕಣ್ಣು ಉಳಿಯಿತು. ವಾರದ ಗಡುವು ಮುಗಿದ ದಿನ ಬೋರ್ಡ್ ಸಾರ್ ಬೆಳಗ್ಗೆಯಿಂದ ಅವರ ಮನೆಯ ಹೊರಗೆ ಕಲ್ಲಿನ ಮೇಲೆ ಕೂತಿದ್ದರಂತೆ. ಒಳಗೆ ಕರೆದರೂ ಹೋಗಲಿಲ್ಲವಂತೆ. ಆದರೆ ಮುಂದಿನ ತಿಂಗಳು ಮತ್ತೆ ಇಂಜೆಕ್ಷನ್ನು, ಮತ್ತೆ ಮದ್ರಾಸು. ಆಕೆ ವಿಮಾನವೆಂದರೆ ಬೇಡವೇ ಬೇಡ ಎಂದು ಹಟ ಹಿಡಿದರು. ಬಸ್ಸು ರೈಲಿನಲ್ಲಿ ಮತ್ತೆ ಧೂಳು.

ಆಗ ಬೋರ್ಡ್ ಸಾರ್ ಒಂದು ನಿರ್ಧಾರ ಪ್ರಕಟಿಸಿದರು. "ನಾನೂ ಬರ್ತೀನಿ. ಯಂತ್ರದ ಮುಂದೆ ನಿಂತು ನೋಡ್ದೆ ಒಂದು ಬೋರ್ಡೂ ಬರ್ದವನಲ್ಲ ನಾನು. ಇದೊಂದನ್ನ ಮನೇಲಿ ಕೂತು ಬರ್ದೆ. ಬರ್ದಿದ್ದು ನಿಜವಾ ಅಂತ ಹೋಗಿ ನೋಡ್ಬೇಕು." ಅವರ ಮಗಳು ಬೇಡವೆಂದರು. ರಕ್ತದೊತ್ತಡ ನೆನಪಿಸಿದರು. ಅವರು ರಕ್ತದೊತ್ತಡವನ್ನು ಕೇಳಿಸಿಕೊಂಡು, ಮೂರು ಜನಕ್ಕೂ ಸೋಮವಾರದ ಟಿಕೆಟ್ಟನ್ನು, ಹೋಗುವುದು ಬರುವುದು ಎರಡನ್ನೂ, ನನ್ನ ಕೈಲೇ ತೆಗೆಸಿದರು.

"ಡಾಕ್ಟ್ರು ಬಿಡೋ ಮುಂಚೆ ವಾಪಸ್ಸಿಂದೂ ತಗೊಂಡ್ರಾ?" ಎಂದು ಆಪರೇಟರಿಗೆ ಗಾಬರಿ.

"ಡಾಕ್ಟ್ರಿಗೂ ತೋರಿಸ್ತೀನಿ. ಅವರೂ ಬೇಗ ನೋಡ್ತಾರೆ," ಎಂದರು.

ವಿಮಾನಗಳ ಕುರಿತು ಅಷ್ಟೆಲ್ಲ ಬರೆದವರು ವಿಮಾನ ಹತ್ತಿದ್ದು ಅದೇ ಮೊದಲು. ಆಪರೇಟರ್ ಆಮೇಲೆ ಹೇಳಿದ್ದು: ಆಸನದ ಜೇಬಿನಲ್ಲಿದ್ದ ಸುರಕ್ಷತಾ ಕಾರ್ಡನ್ನು ಮೂರು ಸಲ ಓದಿದರಂತೆ. ಗಗನಸಖಿಯನ್ನು ಕರೆದು, ಚಿತ್ರ ಚೆನ್ನಾಗಿದೆ, ಅಕ್ಷರ ಸಣ್ಣದು ಎಂದು ವಿನಯದಿಂದ ತಿಳಿಸಿದರಂತೆ. ಆಕೆ ಅಷ್ಟೇ ವಿನಯದಿಂದ ನೀರು ಕೊಟ್ಟಳಂತೆ. ಆಸ್ಪತ್ರೆಯಲ್ಲಿ ಇಡೀ ದಿನ ಕೈಯಲ್ಲಿ ಗಡಿಯಾರ ಬಿಚ್ಚಿಟ್ಟುಕೊಂಡೇ ಕೂತಿದ್ದರಂತೆ.

ಆ ಸಂಜೆ ನಾನು ಕೋಣೆಯ ಬಾಗಿಲು ಹಾಕದೆ ಕಾದೆ. ಏಳೂಮುಕ್ಕಾಲಿಗೆ ಫೋನು. ಹಿಂದಿನಿಂದ ತಟ್ಟೆ ಲೋಟದ ಸದ್ದು, ಹೆಂಗಸರ ಮಾತು.

"ಆಪರೇಟರ್ ಮನೇಲಿದೀನಿ. ಅನ್ನ, ಸಾರು, ಹಪ್ಪಳ," ಎಂದರು. "ವಾಕ್ಯ ಸರಿ ಇದೆ ಮಾರಾಯ."

ಅದಾಗಿ ಏಳೆಂಟು ತಿಂಗಳಿಗೆ ಅವರು ಹೋದರು. ಬೆಳಗ್ಗೆ ಎದ್ದು ಕಾಫಿ ಕುಡಿದು, ಲೋಟ ತೊಳೆದು ಮಗುಚಿಟ್ಟು, ಜಗಲಿಯಲ್ಲಿ ಕೂತವರು ಏಳಲಿಲ್ಲ. ನಾಲ್ಕನೇ ದಿನ ಅವರ ಮಗಳು ದುರ್ಗಿಗುಡಿಗೆ, ನನ್ನ ಕೋಣೆಗೆ ಬಂದರು. ಉತ್ತರಕ್ರಿಯೆಯ ಪ್ರಕಟಣೆ ಪತ್ರಿಕೆಗೆ ಹೋಗಬೇಕಿತ್ತು. ಕೋಣೆಗೆ ಇನ್ನೂ ಬೀಗ ಬಿದ್ದಿಲ್ಲ. ಹೇಗೋ ನಡೆಯುತ್ತಿದೆ, ಸಣ್ಣ ಸಣ್ಣ ಜನರ ಸಣ್ಣ ಸಣ್ಣ ಮಾತುಗಳಿಂದ. ಬರೆದ ಮೇಲೆ ಅಚ್ಚಾಗುವ ಜಾಗಕ್ಕೆ ಹೋಗಿ ನಿಂತು ನೋಡಿ ಬರುತ್ತೇನೆ. ಮುದ್ರಣಾಲಯದವರು ನನ್ನನ್ನು ಕಂಡರೆ ಈಗೀಗ ಬೇರೆ ಕಡೆ ನೋಡುತ್ತಾರೆ.

ಬರೆದದ್ದನ್ನು ಮಗಳ ಮುಂದಿಟ್ಟೆ. ಆಕೆ ಓದಿ ತಲೆಯೆತ್ತಿದರು. "ಅಪಾರ ಬಂಧುಬಳಗವನ್ನು ಅಗಲಿದ್ದಾರೆ ಅಂತ ಹಾಕ್ತಾರಲ್ಲ ಮಾಮ? ನೀವು ಬರ್ದೇ ಇಲ್ಲ."

"ನೀವು ಹೇಳಿದ ಹೆಸರೆಲ್ಲ ಎಣಿಸಿದೆ ಅಮ್ಮ. ಹನ್ನೊಂದು ಜನ. ಹನ್ನೊಂದೂ ಹೆಸರು ಬರ್ದಿದೀನಿ."

ಆಕೆ ಮತ್ತೆ ಕಾಗದ ನೋಡಿದರು. ಅಪ್ಪನ ಹೆಸರು ಎಷ್ಟು ದೊಡ್ಡದಾಗಿತ್ತೋ ದಿನ, ಗಂಟೆ, ಜನ್ನಾಪುರದಲ್ಲಿ ಯಾವ ತಿರುವಿನಲ್ಲಿ ಇಳಿದು ಎಷ್ಟು ದೂರ ನಡೆಯಬೇಕು ಎಂಬುದೂ ಅಷ್ಟೇ ದೊಡ್ಡದಾಗಿತ್ತು. "ಊಟ ಎಷ್ಟೊತ್ತಿಗೆ ಅಂತಾನೂ ಹಾಕಿದೀರಾ?" ಎಂದು ಕೇಳುತ್ತ ಸೆರಗಿನಿಂದ ಮುಖ ಒರೆಸಿಕೊಂಡರು.

"ದೂರದಿಂದ ಬರೋರು ವಾಪಸ್ ಬಸ್ ನೋಡ್ಕೋಬೇಕಲ್ಲಮ್ಮ."

ಆ ದಿನ ಶಿವಮೊಗ್ಗದಿಂದ, ಶಂಕರಘಟ್ಟದಿಂದ, ಭದ್ರಾವತಿಯ ಎಲ್ಲ ಮೂಲೆಗಳಿಂದ ಜನ ಬಂದರು. ಮಂಡಿಯ ವ್ಯಾಪಾರಿಯೂ ಬಂದಿದ್ದ, ಎರಡೂ ಫೋನು ಆರಿಸಿಕೊಂಡು. ಯಾರೂ ದಾರಿ ಕೇಳಲಿಲ್ಲ, ಯಾರೂ ತಡವಾಗಿ ಬರಲಿಲ್ಲ. ಉಂಡವರೆಲ್ಲರೂ ಹೊತ್ತು ಮುಳುಗುವ ಮೊದಲು ತಮ್ಮ ತಮ್ಮ ಮನೆ ಸೇರಿದರೆಂದು, ಮರುದಿನ ಒಬ್ಬೊಬ್ಬರಿಗೂ ಫೋನು ಮಾಡಿ ಕೇಳಿ ತಿಳಿದುಕೊಂಡೆ.